ಅಲೋರ್ ಸೆತಾರ್‌ನ ಡಾಕ್ಟರು, ಅವರ ಹಠಮಾರಿ ರೋಗಿ

ಡಾಕ್ಟರುಗಳು ರಾಜಕೀಯಕ್ಕೆ ಬರಬೇಕು ಎಂಬ ಮಾತಿಗೆ ನಮ್ಮಲ್ಲಿ ಎದುರಾಡುವವರು ಕಡಿಮೆ. ಓದಿಕೊಂಡವರು, ಕೈಗುಣ ಇದ್ದವರು, ಜಾತಿ ಕೇಳದೆ ನಾಡಿ ಹಿಡಿದವರು, ಬಡವರ ಮನೆಯ ಒಳಕೋಣೆಯವರೆಗೂ ಹೋಗಿಬಂದವರು. ಅವರ ಕೈಗೆ ಅಧಿಕಾರ ಸಿಕ್ಕರೆ ದೇಶದ ಕಾಯಿಲೆಗೂ ಮದ್ದು ಸಿಕ್ಕೀತು ಎಂದು ಜನ ನಂಬುತ್ತಾರೆ. ಈ ನಂಬಿಕೆಗೆ ಏಷ್ಯಾದಿಂದ ಒಂದು ಸಾಕ್ಷಿ ಕೊಡಿ ಎಂದರೆ ಬೊಟ್ಟು ಸೀದಾ ಹೋಗುವುದು ಮಲೇಷ್ಯಾದ ಕಡೆಗೆ, ಮಹಾತಿರ್ ಮೊಹಮದ್ ಅವರ ಕಡೆಗೆ. ಕ್ವಾಲಾಲಂಪುರದ ಜೋಡಿ ಗೋಪುರಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದ ನಮ್ಮ ಪ್ರವಾಸಿಗರೂ ಈ ಮಾತನ್ನು ಹೊತ್ತು ತರುತ್ತಾರೆ: ‘ಅಲ್ಲಿ ಒಬ್ಬ ಹಳ್ಳಿ ಡಾಕ್ಟರು ದೇಶವನ್ನು ಎತ್ತಿ ನಿಲ್ಲಿಸಿಬಿಟ್ಟ, ನೋಡಿ.’

ಕಥೆ ಚೆನ್ನಾಗಿದೆ, ಒಪ್ಪಿಕೊಳ್ಳಬೇಕು. ಮಲೇಷ್ಯಾದ ಭತ್ತದ ಕಣಜವೆನಿಸಿದ ಕೆಡಾ ರಾಜ್ಯದ ಅಲೋರ್ ಸೆತಾರ್‌ನಲ್ಲಿ 1925ರಲ್ಲಿ ಹುಟ್ಟು. ತಂದೆ ಇಂಗ್ಲಿಷ್ ಶಾಲೆಯ ಮುಖ್ಯೋಪಾಧ್ಯಾಯರು, ಮಹಾ ಶಿಸ್ತಿನ ಮನುಷ್ಯ. ಅವರ ಕಡೆಯ ಬೇರು ಕೇರಳದ್ದು. ಜಪಾನೀಯರು ಊರನ್ನು ಹಿಡಿದಾಗ ಶಾಲೆ ನಿಂತುಹೋಗಿ, ಹುಡುಗ ಸಂತೆಯಲ್ಲಿ ಕಾಫಿ ಮತ್ತು ಬಾಳೆಹಣ್ಣಿನ ಬಜ್ಜಿ ಮಾರಿದ. ಯುದ್ಧ ಮುಗಿದ ಮೇಲೆ ಸಿಂಗಪುರದ ಕಿಂಗ್ ಎಡ್ವರ್ಡ್ ವೈದ್ಯಕೀಯ ಕಾಲೇಜು, 1953ರಲ್ಲಿ ಪದವಿ. ಒಂದಷ್ಟು ಕಾಲ ಸರ್ಕಾರಿ ಆಸ್ಪತ್ರೆಗಳ ನೌಕರಿ. ದೇಶಕ್ಕೆ ಸ್ವಾತಂತ್ರ್ಯ ಬಂದ 1957ರಲ್ಲೇ ಸ್ವಂತ ಕ್ಲಿನಿಕ್. ಗಂಡ ಹೆಂಡತಿಯ ಹೆಸರು ಸೇರಿಸಿ ಅದಕ್ಕೆ ‘ಮಹಾ’ ಎಂದು ಹೆಸರಿಟ್ಟರು. ರಾತ್ರಿ ಹೊತ್ತು ಕೆಸರು ಬದುವಿನ ಮೇಲೆ ನಡೆದು ರೋಗಿಗಳ ಮನೆಗೆ ಹೋದರು, ಕಾಸಿಲ್ಲದವರಿಂದ ಕಾಸು ಕೇಳಲಿಲ್ಲ ಎಂದು ಜೀವನಚರಿತ್ರೆಗಳು ಹೇಳುತ್ತವೆ. ಆಗ ಆಳುವ ಪಕ್ಷವಾಗಿದ್ದ ಅಮ್ನೋ ಸಭೆಗಳಲ್ಲಿ ಅವರನ್ನು ‘ಡಾಕ್ಟರ್ ಅಮ್ನೋ’ ಎಂದೇ ಕರೆಯುತ್ತಿದ್ದರು. 1964ರಲ್ಲಿ ಸಂಸತ್ತು, 1981ರ ಜುಲೈಯಲ್ಲಿ ಪ್ರಧಾನಿ ಪಟ್ಟ, 22 ವರ್ಷಗಳ ಆಳ್ವಿಕೆ; ಮತ್ತೆ 2018ರಲ್ಲಿ, 92ರ ವಯಸ್ಸಿನಲ್ಲಿ, ಇನ್ನೊಂದು ಸುತ್ತು. ತಮ್ಮ ಆತ್ಮಕಥೆಯ ಹೆಸರಿನಲ್ಲೂ ಅವರು ಡಾಕ್ಟರ್ ಎಂಬ ಪದವನ್ನು ಬಿಟ್ಟುಕೊಟ್ಟಿಲ್ಲ. ರೋಗಿಯ ಪೂರ್ವಕಥೆ ಕೇಳು, ಪರೀಕ್ಷೆ ಮಾಡು, ಕಾಯಿಲೆ ಪತ್ತೆಹಚ್ಚು, ಮದ್ದು ಕೊಡು ಎಂಬ ಈ ಕ್ರಮವೇ ರಾಜಕೀಯದಲ್ಲೂ ತಮ್ಮ ಕೈ ಹಿಡಿಯಿತು ಎಂದು ಅವರು ಮತ್ತೆ ಮತ್ತೆ ಹೇಳಿದ್ದಾರೆ.

ನನ್ನ ತಕರಾರು ಇಲ್ಲೇ. ಕ್ಲಿನಿಕ್ಕಿನ ಪಾಠ ದೇಶದ ಆಡಳಿತಕ್ಕೆ ಬಂತು ಎಂಬುದು ನಿಜ. ಆದರೆ ಬಂದ ಪಾಠ ಅಭಿಮಾನಿಗಳು ಹೇಳುವಂಥದ್ದಲ್ಲ. ಬಡವರ ಮೇಲಿನ ಮರುಕವಾಗಲಿ, ಹಳ್ಳಿಯ ಒಳಗಿನ ತಿಳಿವಾಗಲಿ ಅಲ್ಲಿಂದ ಬಂದದ್ದಕ್ಕೆ ಅವರ ಅಧಿಕಾರದ ವರ್ಷಗಳಲ್ಲಿ ಗುರುತು ಸಿಗುವುದು ಕಷ್ಟ. ಬಂದದ್ದು ಎರಡು ಅಭ್ಯಾಸಗಳು. ತೊಂದರೆಯ ಮೂಲವನ್ನು ಎದುರು ಕೂತವನ ಮೈಯೊಳಗೇ ಹುಡುಕುವುದು. ಹೇಳಿದ್ದಕ್ಕೆ ಎದುರುತ್ತರ ಬಂದರೆ ಅದನ್ನು ಕಾಯಿಲೆಯ ಇನ್ನೊಂದು ಲಕ್ಷಣವೆಂದು ಬರೆದುಕೊಳ್ಳುವುದು.

ಮೊದಲು ‘ಹಳ್ಳಿ ಡಾಕ್ಟರು’ ಎಂಬುದನ್ನೇ ಸ್ವಲ್ಪ ಕೆದಕೋಣ. ಅಲೋರ್ ಸೆತಾರ್ ಹಳ್ಳಿಯಲ್ಲ, ರಾಜ್ಯದ ರಾಜಧಾನಿ. ಸುಲ್ತಾನರು ಇರುವ ಊರು. ‘ಮಹಾ’ ಪೇಟೆಯ ನಡುವಿನ ಖಾಸಗಿ ದವಾಖಾನೆ. ಅದನ್ನು ನಡೆಸಿದ್ದರಲ್ಲಿ ತಪ್ಪೇನಿಲ್ಲ. ಆದರೆ ಆ ಮನೆಯಲ್ಲಿ ನಿಜವಾಗಿ ಹಳ್ಳಿ ಡಾಕ್ಟರ್ ಎನಿಸಿಕೊಳ್ಳಬೇಕಾದವರು ಹೆಂಡತಿ ಸಿತಿ ಹಸ್ಮಾ. ವೈದ್ಯೆಯರಾದ ಮೊದಲ ಕೆಲವೇ ಮಲಯ ಹೆಣ್ಣುಮಕ್ಕಳಲ್ಲಿ ಒಬ್ಬರು. ಗಂಡ ಖಾಸಗಿಗೆ ಹೋದ ಮೇಲೂ ಅವರು ಸರ್ಕಾರಿ ಸೇವೆಯಲ್ಲೇ ಉಳಿದು, ಕೆಡಾದಲ್ಲಿ ತಾಯಿ ಮಕ್ಕಳ ಆರೋಗ್ಯದ ಕೆಲಸ ಮಾಡಿದರು. ಮಲಯದ ಹಳ್ಳಿಗಳಲ್ಲಿ ಬಾಣಂತಿ ಸಾವು ಇಳಿದದ್ದು ಯಾವ ಮಹಾಪುರುಷನ ಕೈಗುಣದಿಂದಲೂ ಅಲ್ಲ. 1950ರ ದಶಕದಿಂದ ಕಟ್ಟಿಕೊಂಡು ಬಂದ ಚಿಕ್ಕ ಚಿಕ್ಕ ಆರೋಗ್ಯ ಕೇಂದ್ರಗಳು, ಊರಲ್ಲೇ ಇರುವ ದಾದಿಯರು, ತರಬೇತಿ ಕೊಟ್ಟು ಜೊತೆಗೆ ಸೇರಿಸಿಕೊಂಡ ಹಳ್ಳಿ ಸೂಲಗಿತ್ತಿಯರು, ಇವರೆಲ್ಲ ಸೇರಿ ಮಾಡಿದ ಕೆಲಸ ಅದು. ಆ ಕೆಲಸದ ಮುಖ್ಯ ಲಕ್ಷಣ ಏನೆಂದರೆ, ಅಲ್ಲಿ ಡಾಕ್ಟರ ಹೆಸರು ಯಾರಿಗೂ ನೆನಪಿರುವುದಿಲ್ಲ. ಸ್ಮಾರಕವಾಗಿ ಉಳಿದಿರುವುದು ಮಹಾತಿರ್ ಹುಟ್ಟಿದ ಮನೆ.

ಇನ್ನು ರೋಗನಿದಾನದ ವಿಚಾರ. 1969ರ ಮೇ ಚುನಾವಣೆಯಲ್ಲಿ ಮಹಾತಿರ್ ತಮ್ಮ ಕ್ಷೇತ್ರದಲ್ಲೇ ಸೋತರು. ಕೆಲವೇ ದಿನಗಳಲ್ಲಿ, ಮೇ 13ರಂದು, ಕ್ವಾಲಾಲಂಪುರದಲ್ಲಿ ಮಲಯರು ಮತ್ತು ಅಲ್ಲಿ ನೆಲೆಸಿದ್ದ ಚೀನೀಯರ ನಡುವೆ ಗಲಭೆ ಹೊತ್ತಿಕೊಂಡಿತು. ಸರ್ಕಾರದ ಲೆಕ್ಕದಲ್ಲೇ 196 ಸಾವು. ಪ್ರಧಾನಿ ತುಂಕು ಅಬ್ದುಲ್ ರೆಹಮಾನ್ ಚೀನೀಯರ ಕಡೆ ವಾಲಿದ್ದೇ ಇದಕ್ಕೆ ಕಾರಣವೆಂದು ಮಹಾತಿರ್ ಕಾಗದ ಬರೆದರು, ಕಾಗದ ಊರೆಲ್ಲ ಹರಡಿತು, ಪಕ್ಷ ಅವರನ್ನು ಹೊರಹಾಕಿತು. ಆ ವನವಾಸದ ಫಲವೇ 1970ರಲ್ಲಿ ಸಿಂಗಪುರದಲ್ಲಿ ಅಚ್ಚಾದ ‘ದಿ ಮಲಯ್ ಡೈಲೆಮಾ’. ಮಲೇಷ್ಯಾದಲ್ಲಿ ಅದಕ್ಕೆ ನಿಷೇಧ ಬಿತ್ತು. ತೆರವಾದದ್ದು ಬರೆದವರೇ ಪ್ರಧಾನಿಯಾದ ಮೇಲೆ.

ಈ ಪುಸ್ತಕವನ್ನು ಧೈರ್ಯದ ಪುಸ್ತಕ ಎಂದು ಹೊಗಳುವವರು ಬಹಳ. ಓದಿ ಹೊಗಳುವವರು ಎಷ್ಟು ಮಂದಿಯೋ ಕಾಣೆ. ಮಲಯರು ಯಾಕೆ ಬಡವರು ಎಂಬ ಪ್ರಶ್ನೆಗೆ ಡಾಕ್ಟರು ಅದರಲ್ಲಿ ಕೊಡುವ ಉತ್ತರದ ಒಂದು ದೊಡ್ಡ ಭಾಗ ವಂಶವಾಹಿಯ ಮೇಲೆ ನಿಂತಿದೆ. ಮಲಯ ನೆಲ ಫಲವತ್ತು, ಹೊಟ್ಟೆಗೆ ಕೊರತೆಯಿಲ್ಲ, ಹಾಗಾಗಿ ದುರ್ಬಲರೂ ಬದುಕಿ ಮಕ್ಕಳನ್ನು ಹೆತ್ತರು. ಹತ್ತಿರದ ನೆಂಟರಲ್ಲೇ ಮದುವೆಯಾಗುತ್ತ ಹೋದದ್ದರಿಂದ ಕುಲ ಸೊರಗಿತು. ಚೀನಾದಲ್ಲಾದರೋ ನೆರೆ ಬರಗಾಲಗಳು ಬಲವಿಲ್ಲದವರನ್ನು ತೊಡೆದು ಹಾಕಿ ಗಟ್ಟಿಗರನ್ನು ಉಳಿಸಿದವು. ಇದು ವಾದದ ತಿರುಳು. ಬೇರೆ ಯಾವ ರಾಜಕಾರಣಿ ಬರೆದಿದ್ದರೂ ಇದನ್ನು ಅಗ್ಗದ ಜನಾಂಗವಾದ ಎಂದು ಎತ್ತಿ ಎಸೆಯುತ್ತಿದ್ದರು. ಬರೆದವರು ಡಾಕ್ಟರಾದ್ದರಿಂದ ಅದು ರೋಗನಿದಾನವಾಯಿತು. ಬಿಳಿ ಕೋಟು ಮಾಡಿದ ದೊಡ್ಡ ಉಪಕಾರ ಇದೇ.

ಸಮಾಜಶಾಸ್ತ್ರಜ್ಞ ಸೈಯದ್ ಹುಸೇನ್ ಅಲತಾಸ್ 1977ರಲ್ಲಿ ‘ದಿ ಮಿಥ್ ಆಫ್ ದಿ ಲೇಜಿ ನೇಟಿವ್’ ಎಂಬ ಪುಸ್ತಕ ಬರೆದರು. ಮಲಯರು, ಜಾವಾದವರು, ಫಿಲಿಪ್ಪೀನ್ಸಿನವರು ಸೋಮಾರಿಗಳು ಎಂಬ ಮಾತು ಹುಟ್ಟಿದ್ದು ವಸಾಹತು ದೊರೆಗಳ ತೋಟ ಮತ್ತು ಗಣಿಗಳ ಲೆಕ್ಕಪುಸ್ತಕದಲ್ಲಿ ಎಂದು ಅದರಲ್ಲಿ ತೋರಿಸಿದ್ದಾರೆ. ಸ್ವಂತ ಗದ್ದೆಯಲ್ಲಿ ಮುಂಜಾವಿನಿಂದ ದುಡಿಯುವವನು ದೊರೆಯ ತೋಟಕ್ಕೆ ಅಗ್ಗದ ಕೂಲಿಗೆ ಬರಲೊಲ್ಲ ಎಂದರೆ ಅವನು ಸೋಮಾರಿ. ಮಹಾತಿರ್ ಪುಸ್ತಕವನ್ನೂ ಅಲತಾಸ್ ಬಿಡಲಿಲ್ಲ: ದೊರೆಗಳು ಹೋದರು, ಅವರ ಬೈಗುಳವನ್ನು ನಮ್ಮವರೇ ಎತ್ತಿಕೊಂಡರು ಎಂಬರ್ಥದ ಟೀಕೆ ಅಲ್ಲಿದೆ. ಅನ್ನಭಾಗ್ಯದ ಅಕ್ಕಿ ಬಂದ ಮೇಲೆ ಕೂಲಿಗೆ ಜನ ಸಿಗುವುದಿಲ್ಲ ಎಂದು ಗೊಣಗುವ ನಮ್ಮ ತೋಟದ ಯಜಮಾನರಿಗೆ ಈ ಪುಸ್ತಕ ಯಾರಾದರೂ ಕನ್ನಡದಲ್ಲಿ ಓದಿ ಹೇಳಬೇಕು.

ಹಾಗಾದರೆ ಕೆಡಾದ ರೈತ ಬಡವನಾಗಿದ್ದದ್ದು ಯಾಕೆ? ಇದಕ್ಕೆ ಉತ್ತರ ಡಾಕ್ಟರ ಬಾಗಿಲಲ್ಲೇ ಬಿದ್ದಿತ್ತು. ಜೇಮ್ಸ್ ಸ್ಕಾಟ್ ಎಂಬ ಅಮೆರಿಕದ ವಿದ್ವಾಂಸ 1978ರಿಂದ 80ರವರೆಗೆ ಕೆಡಾದ ಮುಡಾ ಬಯಲಿನ ಒಂದು ಹಳ್ಳಿಯಲ್ಲಿ ಇದ್ದು ಬರೆದ ‘ವೆಪನ್ಸ್ ಆಫ್ ದಿ ವೀಕ್’ ಇಂದಿಗೂ ಈ ವಿಷಯದಲ್ಲಿ ಮೇಲ್ಪಂಕ್ತಿ. ಮುಡಾ ನೀರಾವರಿ ಬಂದು ಎರಡು ಬೆಳೆ ಶುರುವಾಯಿತು, ಇಳುವರಿ ಏರಿತು. ಹಿಂದೆಯೇ ಕಟಾವು ಯಂತ್ರ ಬಂತು. ನಾಟಿ, ಕೊಯ್ಲು, ಬಡಿಯುವ ಕೆಲಸದಿಂದ ಹೊಟ್ಟೆ ಹೊರೆಯುತ್ತಿದ್ದವರ ಕೂಲಿ ಹೋಯಿತು. ಗೇಣಿ ಏರಿತು, ಎಷ್ಟೋ ಕಡೆ ಬೆಳೆಗೆ ಮುಂಚೆಯೇ ನಗದಾಗಿ ಕೊಡಬೇಕಾಯಿತು. ಭೂಮಿ ಇದ್ದವರು ತಾವೇ ಸಾಗುವಳಿಗೆ ಇಳಿದು ಗೇಣಿದಾರರನ್ನು ಬಿಡಿಸಿದರು. ಬಡವನ ತೊಂದರೆ ಅವನ ರಕ್ತದಲ್ಲಿರಲಿಲ್ಲ, ಗೇಣಿ ಚೀಟಿಯಲ್ಲಿತ್ತು. ಸ್ಕಾಟ್ ಕಂಡ ಇನ್ನೊಂದು ಸಂಗತಿ ನಮ್ಮ ವಾದಕ್ಕೆ ಇನ್ನೂ ಹತ್ತಿರದ್ದು. ಬಡವರು ಉಳ್ಳವರ ಮುಂದೆ ಆಡುವ ಮಾತು ಒಂದು, ಬೆನ್ನ ಹಿಂದೆ ಆಡುವ ಮಾತು ಇನ್ನೊಂದು. ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತವರಿಗೆ ಕೇಳಿಸುವುದು ಮೊದಲನೆಯದು ಮಾತ್ರ. ಜ್ವರ ಎಷ್ಟು ದಿನದಿಂದ ಎಂದು ಕೇಳಿದ ಡಾಕ್ಟರಿಗೆ ಯಾವ ಗೇಣಿದಾರನೂ ಭೂಮಾಲಿಕನ ಕಥೆ ಹೇಳಿಕೊಂಡು ಕೂರುವುದಿಲ್ಲ. ಡಾಕ್ಟರಿಗೆ ಬಡವರ ಬದುಕು ಗೊತ್ತು ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ!

ಬೆನ್ನ ಹಿಂದಿನ ಮಾತು ಬೀದಿಗೆ ಬಂದಾಗ ಏನಾಯಿತು ಎಂಬುದಕ್ಕೂ ಕೆಡಾವೇ ಸಾಕ್ಷಿ. 1974ರ ಕೊನೆಯಲ್ಲಿ ರಬ್ಬರ್ ಬೆಲೆ ಬಿದ್ದು, ಬಾಲಿಂಗ್ ತಾಲ್ಲೂಕಿನ ಸಣ್ಣ ರಬ್ಬರ್ ಬೆಳೆಗಾರರು ಹಸಿವು ಎಂದು ಬೀದಿಗಿಳಿದರು. ಕ್ವಾಲಾಲಂಪುರದ ವಿದ್ಯಾರ್ಥಿಗಳು ಅವರ ಪರ ನಿಂತರು. ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಬಂಧನವಾಯಿತು. ಅನ್ವರ್ ಇಬ್ರಾಹಿಂ ಎಂಬ ಯುವ ಮುಖಂಡನನ್ನು ವಿಚಾರಣೆಯಿಲ್ಲದೆ ಸುಮಾರು ಎರಡು ವರ್ಷ ಒಳಗಿಟ್ಟರು. ಆಗ ಶಿಕ್ಷಣ ಮಂತ್ರಿ ಯಾರು? ಅಷ್ಟರಲ್ಲಿ ಪಕ್ಷಕ್ಕೆ ಮರಳಿ, ಕೆಡಾದಿಂದ ಆರಿಸಿ ಬಂದ ನಮ್ಮ ಡಾಕ್ಟರು. ಮರುವರ್ಷ ವಿಶ್ವವಿದ್ಯಾಲಯಗಳ ಕಾನೂನಿಗೆ ತಿದ್ದುಪಡಿ ತಂದು ವಿದ್ಯಾರ್ಥಿಗಳು ರಾಜಕೀಯದ ಹತ್ತಿರ ಸುಳಿಯದಂತೆ ಮಾಡಿದರು. ಹಸಿವಿನ ದೂರಿಗೆ ಬಂದ ಮದ್ದು ಅದು. 1980ರ ಜನವರಿಯಲ್ಲಿ ಅವರದೇ ಅಲೋರ್ ಸೆತಾರ್‌ನಲ್ಲಿ ಸಾವಿರಾರು ಭತ್ತದ ರೈತರು ಸೇರಿದರು. ಸಹಾಯಧನವನ್ನು ಕೈಗೆ ಕೊಡದೆ ಕಡ್ಡಾಯ ಉಳಿತಾಯದ ಕೂಪನ್ನಿನ ರೂಪದಲ್ಲಿ ಕೊಡುವುದಕ್ಕೆ ಅವರ ವಿರೋಧ. ತಮ್ಮ ದುಡ್ಡನ್ನು ತಾವು ಖರ್ಚು ಮಾಡಲು ಬಾರದವರು ಎಂದು ಸರ್ಕಾರ ತಮ್ಮನ್ನು ತಿಳಿದಿದೆಯಲ್ಲ ಎಂಬ ಸಿಟ್ಟು ಅದು. ಪೊಲೀಸರು ಚದುರಿಸಿದರು, ಬಂಧನಗಳಾದವು, ಹೊಣೆಯನ್ನು ಇಸ್ಲಾಮಿ ವಿರೋಧ ಪಕ್ಷದ ತಲೆಗೆ ಕಟ್ಟಿದರು. ಮಹಾತಿರ್ ಆಗ ಉಪ ಪ್ರಧಾನಿ. ಐದು ವರ್ಷ ಕಳೆದು, ಅವರು ಪ್ರಧಾನಿಯಾಗಿದ್ದಾಗ, 1985ರ ನವೆಂಬರ್ 19ರಂದು ಅದೇ ಬಾಲಿಂಗ್ ಸೀಮೆಯ ಮೆಮಾಲಿ ಎಂಬ ಹಳ್ಳಿಗೆ ಪೊಲೀಸರು ಮುತ್ತಿಗೆ ಹಾಕಿದರು. ಒಬ್ಬ ಧಾರ್ಮಿಕ ಮುಖಂಡನನ್ನು ಹಿಡಿಯಲು ಹೋಗಿ, 14 ಹಳ್ಳಿಗರೂ ನಾಲ್ವರು ಪೊಲೀಸರೂ ಸತ್ತರು. ಕೆಡಾದ ಈ ಮೂರು ಘಟನೆಗಳನ್ನು ‘ಹಳ್ಳಿ ಡಾಕ್ಟರ’ ಕಥೆ ಹೇಳುವವರ ಬಾಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ.

ಎದುರುತ್ತರವನ್ನು ಸಹಿಸದ ಅಭ್ಯಾಸದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಅದು ಜಗಜ್ಜಾಹೀರು. 1987ರ ಅಕ್ಟೋಬರಿನಲ್ಲಿ ‘ಆಪರೇಷನ್ ಲಲಾಂಗ್’ ಹೆಸರಲ್ಲಿ 106 ಮಂದಿಯನ್ನು ಹಿಡಿದು ಹಾಕಿದರು, ಮೂರು ಪತ್ರಿಕೆಗಳ ಪರವಾನಗಿ ಅಮಾನತಾಯಿತು. ಮರುವರ್ಷ ನ್ಯಾಯಾಂಗದ ಮುಖ್ಯಸ್ಥ ಸಾಲೆ ಅಬ್ಬಾಸ್ ಅವರನ್ನೂ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳನ್ನೂ ಕೆಳಗಿಳಿಸಿದರು. ಕ್ಲಿನಿಕ್ಕಿನ ರೋಗಿಗೆ ಕೊನೆಗೆ ಒಂದು ದಾರಿಯಾದರೂ ಇರುತ್ತದೆ. ಈ ಡಾಕ್ಟರು ಸರಿಯಿಲ್ಲ ಅನ್ನಿಸಿದರೆ ಪಕ್ಕದ ಬೀದಿಯ ಡಾಕ್ಟರ ಹತ್ತಿರ ಹೋಗಬಹುದು. ಮಹಾತಿರ್ ಆಡಳಿತ ಪಕ್ಕದ ಬೀದಿಯ ಅಂಗಡಿಗಳನ್ನು ಒಂದೊಂದಾಗಿ ಮುಚ್ಚಿಸಿತು.

ಡಾಕ್ಟರಿಕೆ ಮತ್ತು ಅಧಿಕಾರ ಎದುರುಬದುರಾದ ದಿನ ಗೆದ್ದದ್ದು ಯಾವುದು ಎಂದು ಕೇಳುವವರಿಗೆ 1998ರ ಸೆಪ್ಟೆಂಬರ್ ನೆನಪಿಸಬೇಕು. ಒಂದು ಕಾಲಕ್ಕೆ ಜೈಲಿನಲ್ಲಿದ್ದ ಅನ್ವರ್ ಇಬ್ರಾಹಿಂ ಅವರನ್ನು 1982ರಲ್ಲಿ ಮಹಾತಿರ್ ತಾವೇ ಪಕ್ಷಕ್ಕೆ ಕರೆತಂದು ಉಪ ಪ್ರಧಾನಿಯವರೆಗೆ ಬೆಳೆಸಿದ್ದರು. ಸೆಪ್ಟೆಂಬರ್ 2ರಂದು ವಜಾ ಮಾಡಿದರು, ತಿಂಗಳ ಕೊನೆಯಷ್ಟರಲ್ಲಿ ಅನ್ವರ್ ಕಣ್ಣು ಕಪ್ಪಗೆ ಊದಿಕೊಂಡು ಕೋರ್ಟಿಗೆ ಬಂದರು. ಆ ಫೋಟೊ ಲೋಕವೆಲ್ಲ ನೋಡಿತು. ಆಗ ಪ್ರಧಾನಿ, ಅಂದರೆ ಹತ್ತಾರು ವರ್ಷ ಗಾಯಗಳನ್ನು ನೋಡಿದ್ದ ವೈದ್ಯರು, ಅನ್ವರ್ ತಮಗೆ ತಾವೇ ಗಾಯ ಮಾಡಿಕೊಂಡಿರಬಹುದು ಎಂಬ ಮಾತು ಆಡಿದರು. ಕಸ್ಟಡಿಯಲ್ಲಿ ಹೊಡೆದದ್ದು ದೇಶದ ಪೊಲೀಸ್ ಮುಖ್ಯಸ್ಥನೇ ಎಂಬುದು ಆಮೇಲೆ ವಿಚಾರಣೆಯಲ್ಲಿ ಹೊರಬಿತ್ತು, ಆತನೂ ಒಪ್ಪಿಕೊಂಡ. ವೈದ್ಯ ರಾಜಕಾರಣಿಯಾದರೆ ರಾಜಕೀಯ ಮೆದುವಾಗುತ್ತದೆ ಎನ್ನುವವರು ಈ ಒಂದು ಪ್ರಸಂಗಕ್ಕೆ ಏನು ಹೇಳುತ್ತಾರೋ ಕೇಳಬೇಕೆನಿಸುತ್ತದೆ.

ಮಹಾತಿರ್ ಅವರಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. 1989ರಲ್ಲಿ ಹೃದಯ ಕೈಕೊಟ್ಟಾಗ ಅವರು ವಿದೇಶಕ್ಕೆ ಹಾರಲಿಲ್ಲ. ಕ್ವಾಲಾಲಂಪುರದ ಸರ್ಕಾರಿ ಆಸ್ಪತ್ರೆಯಲ್ಲೇ ಎದೆ ಕೊಯ್ಯಿಸಿಕೊಂಡರು. ನಮ್ಮ ಮಂತ್ರಿಗಳು ನೆಗಡಿಗೂ ಎಲ್ಲೆಲ್ಲಿಗೆ ಹೋಗುತ್ತಾರೆಂದು ಬಲ್ಲವರು ಇದಕ್ಕೆ ತಲೆಬಾಗಬೇಕು. 1993ರಲ್ಲಿ ಸುಲ್ತಾನರಿಗೆ ಇದ್ದ ಕಾನೂನಿನ ರಕ್ಷಣೆಯನ್ನು ತೆಗೆಸಿದ್ದು ಸಣ್ಣ ಕೆಲಸವಲ್ಲ. ಇನ್ನು ಏಷ್ಯಾದ ಹಣಕಾಸು ಮುಗ್ಗಟ್ಟಿನಲ್ಲಿ, 1998ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಲಹೆಯನ್ನು ಬದಿಗಿಟ್ಟು ಬಂಡವಾಳದ ಓಡಾಟಕ್ಕೆ ಕಡಿವಾಣ ಹಾಕಿ, ಡಾಲರಿಗೆ 3.80 ರಿಂಗಿಟ್ ಎಂದು ಗೂಟ ಹೊಡೆದರು. ಬೈದವರೇ ಆಮೇಲೆ ಅದನ್ನು ಒಪ್ಪಬೇಕಾಯಿತು. ತಮಾಷೆಯೆಂದರೆ, ಈ ಅತ್ಯುತ್ತಮ ಗಳಿಗೆಯಲ್ಲಿ ಅವರು ಡಾಕ್ಟರ ಜಾಗದಲ್ಲಿ ಇರಲೇ ಇಲ್ಲ. ದೊಡ್ಡ ಡಾಕ್ಟರುಗಳು ಬರೆದುಕೊಟ್ಟ ಚೀಟಿಯನ್ನು ಹರಿದು, ನನ್ನ ಮೈ ನನಗೆ ಗೊತ್ತು ಎಂದ ರೋಗಿ ಅವರು. ತಮ್ಮ ಪ್ರಜೆಗಳಿಗೆ ಆ ಸ್ವಾತಂತ್ರ್ಯ ಕೊಟ್ಟವರಲ್ಲ.

ಬಡತನ ಇಳಿಯಿತಲ್ಲ ಎಂಬುದು ಅಭಿಮಾನಿಗಳ ಗಟ್ಟಿ ವಾದ. ಇಳಿಯಿತು, ಅದರಲ್ಲಿ ಎರಡು ಮಾತಿಲ್ಲ; 1970ರಲ್ಲಿ ಮಲಯ ಪರ್ಯಾಯದ್ವೀಪದ ಸುಮಾರು ಅರ್ಧದಷ್ಟು ಮನೆಗಳು ಬಡತನದಲ್ಲಿದ್ದವು. ಆದರೆ ಆ ದಾರಿ ಹಾಕಿದ್ದು 1971ರಲ್ಲಿ ಆಗಿನ ಪ್ರಧಾನಿ ಅಬ್ದುಲ್ ರಜಾಕ್ ತಂದ ಹೊಸ ಆರ್ಥಿಕ ನೀತಿ, ಅದಕ್ಕೂ ಮುಂಚೆ 1956ರಿಂದ ಭೂಹೀನರನ್ನು ರಬ್ಬರ್, ತಾಳೆ ತೋಟಗಳಲ್ಲಿ ನೆಲೆಗೊಳಿಸಿದ ಫೆಲ್ಡಾ ಯೋಜನೆ, ಜೊತೆಗೆ ಕಡಲಿನ ಎಣ್ಣೆ. ಮಹಾತಿರ್ ಮುದ್ರೆ ಇರುವುದು ಬೇರೆ ಕಡೆ: ಪ್ರೋಟಾನ್ ಕಾರು, ಜೋಡಿ ಗೋಪುರ, ಪುತ್ರಜಯ ಎಂಬ ಆಡಳಿತ ನಗರ, ಖಾಸಗೀಕರಣ. ವೈದ್ಯರ ಆಡಳಿತದಲ್ಲೇ 1990ರ ದಶಕದಲ್ಲಿ ಸರ್ಕಾರಿ ಔಷಧ ಉಗ್ರಾಣ ಖಾಸಗಿಯವರ ಪಾಲಾಯಿತು. ಆಸ್ಪತ್ರೆಗಳ ಬಟ್ಟೆ ಒಗೆಯುವ, ಕಸ ತೆಗೆಯುವ, ಯಂತ್ರ ರಿಪೇರಿಯ ಕೆಲಸವನ್ನು ದೇಶವನ್ನು ಮೂರು ಹೋಳು ಮಾಡಿದಂತೆ ಮೂರು ಕಂಪನಿಗಳಿಗೆ ಹಂಚಿದರು. ಈ ಗುತ್ತಿಗೆಗಳ ಖರ್ಚು ಏರಿತೆಂದು ಆರೋಗ್ಯ ಇಲಾಖೆಯ ಒಳಗಿದ್ದವರೇ ದೂರಿದರು.

2002ರಲ್ಲಿ, ಇಳಿಯುವ ದಿನ ಹತ್ತಿರವಾದಾಗ, ಮಹಾತಿರ್ ಮತ್ತೆ ಮಲಯರ ಸಂಕಟದ ಬಗ್ಗೆ ಮಾತಾಡಿದರು. ತಮಗೆಂದು ಸರ್ಕಾರ ಕೊಟ್ಟ ಮೀಸಲು, ಪರವಾನಗಿ, ಸಹಾಯಧನಗಳೆಂಬ ಊರುಗೋಲನ್ನು ಮಲಯರು ಬಿಡಲೊಲ್ಲರು, ಅದನ್ನೇ ಹಿರಿಮೆಯೆಂದು ಹಿಡಿದಿದ್ದಾರೆ ಎಂದು ಬೇಸರಪಟ್ಟರು. ಪಕ್ಷದ ಮಹಾಸಭೆಯಲ್ಲಿ ಕಣ್ಣೀರನ್ನೂ ಹಾಕಿದರು. ಕಣ್ಣೀರು ನಾಟಕವೆಂದು ನಾನು ಹೇಳುವುದಿಲ್ಲ. ಆದರೆ 32 ವರ್ಷಗಳ ಹಿಂದೆ ಬರೆದ ಚೀಟಿಯಲ್ಲಿ ಇದ್ದದ್ದೂ ಇದೇ: ದೋಷ ರೋಗಿಯದು. ನಡುವೆ 21 ವರ್ಷ ಮದ್ದು ಕೊಟ್ಟವರು ತಾವೇ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಆ ಊರುಗೋಲಿನ ಪರವಾನಗಿಗಳು ಯಾರ ಕೈಗೆ ಹೋದವು, ಮುಡಾ ಬಯಲಿನ ಗೇಣಿದಾರನಿಗೆ ಎಷ್ಟು, ಕ್ವಾಲಾಲಂಪುರದ ಗುತ್ತಿಗೆದಾರನಿಗೆ ಎಷ್ಟು ಎಂಬ ಪ್ರಶ್ನೆ ಆ ಭಾಷಣದ ತೂಕವನ್ನೇ ಬದಲಿಸಿಬಿಡುತ್ತಿತ್ತು.

ಹಾಗೆಂದು ಡಾಕ್ಟರುಗಳು ರಾಜಕೀಯಕ್ಕೆ ಬರಬಾರದು ಎಂದು ವಾದಿಸಿದರೆ ಅದೂ ಅದೇ ಜಾತಿಯ ತಪ್ಪಾಗುತ್ತದೆ. ಪೆರಾಕ್ ರಾಜ್ಯದ ಸುಂಗೈ ಸಿಪುಟ್‌ನಲ್ಲಿ ಮೈಕೆಲ್ ಜಯಕುಮಾರ್ ದೇವರಾಜ್ ಎಂಬ ಶ್ವಾಸಕೋಶದ ತಜ್ಞರಿದ್ದಾರೆ, ಸಮಾಜವಾದಿ ಪಕ್ಷದವರು. ತೋಟದ ಕೂಲಿಗಳ ಮನೆ, ಸಂಬಳ, ಒಕ್ಕಲೆಬ್ಬಿಸುವ ನೋಟಿಸುಗಳ ಬೆನ್ನುಹತ್ತಿ ಊರೂರು ತಿರುಗಿದರು. ರೋಗಿಯ ಕೆಮ್ಮಿನಿಂದ ಅವನ ಲೈನು ಮನೆಯ ಸೂರಿಗೆ, ಅಲ್ಲಿಂದ ತೋಟದ ಮಾಲಿಕತ್ವಕ್ಕೆ ದಾರಿ ಇದೆ ಎಂದು ತಿಳಿದವರು. ಆಸ್ಪತ್ರೆಗಳ ಖಾಸಗೀಕರಣಕ್ಕೆ ಅಡ್ಡ ನಿಂತರು. 2008ರಲ್ಲಿ, ಮಹಾತಿರ್ ಸಂಪುಟದಲ್ಲಿ ದಶಕಗಳ ಕಾಲ ಮಂತ್ರಿಯಾಗಿದ್ದ ಸಾಮಿ ವೇಲು ಅವರನ್ನು ಸೋಲಿಸಿ ಸಂಸತ್ತಿಗೆ ಹೋದರು. 2011ರಲ್ಲಿ ವಿಚಾರಣೆಯಿಲ್ಲದ ಬಂಧನವನ್ನೂ ಕಂಡರು. ಇವರೂ ಡಾಕ್ಟರೇ, ಸ್ಟೆತಸ್ಕೋಪು ಅದೇ. ಇವರ ರಾಜಕೀಯ ರೂಪುಗೊಂಡದ್ದು ಪದವಿಯಿಂದಲ್ಲ, ಕ್ಲಿನಿಕ್ಕಿನ ಹೊರಗೆ ಜನ ಹೇಳಿದ್ದನ್ನು ಕೂತು ಕೇಳಿದ್ದರಿಂದ.

2018ರ ಮೇ ಚುನಾವಣೆಯಲ್ಲಿ ಈ ಇಬ್ಬರೂ ಡಾಕ್ಟರುಗಳು ಕಣದಲ್ಲಿದ್ದರು. ತಾವೇ ಬೆಳೆಸಿದ ಪಕ್ಷದ ವಿರುದ್ಧ ನಿಂತ ಮಹಾತಿರ್, ತಾವೇ ಜೈಲಿಗಟ್ಟಿದ ಅನ್ವರ್ ಅವರ ಪಕ್ಷದ ಜೊತೆ ಸೇರಿ, ದೇಶ ಕಾಪಾಡಲು ಮರಳಿ ಬಂದ ಹಿರಿಯ ವೈದ್ಯರಾಗಿ ಗೆದ್ದರು. ಸುಂಗೈ ಸಿಪುಟ್‌ನಲ್ಲಿ ಅವರ ಮೈತ್ರಿಕೂಟ ಜಯಕುಮಾರ್ ಎದುರು ತನ್ನದೇ ಅಭ್ಯರ್ಥಿಯನ್ನು ನಿಲ್ಲಿಸಿತು. ಹತ್ತು ವರ್ಷ ಆ ಕ್ಷೇತ್ರ ಕಾಯ್ದ ಡಾಕ್ಟರು ಸೋತರು.